ಹಳೆ ಗಾಡಿಯ ಟ್ಯಾಂಕಿನ ಮುಚ್ಚಳ

ದಗ್ವಾ ಹೊಸ ಗಾಡಿಯ ಸುತ್ತ ಮೂರು ಸಲ ಬಂದ. ಕುದುರೆ ಕೊಳ್ಳುವಾಗಲೂ ಅವನು ಹೀಗೆಯೇ, ಸೂರ್ಯ ಹೋಗುವ ದಿಕ್ಕಿಗೆ, ಮಾತಿಲ್ಲದೆ ಸುತ್ತುತ್ತಿದ್ದ. ಹಿಂದಿನ ಗಾಲಿಯನ್ನು ಬೂಟಿನ ತುದಿಯಿಂದ ತಟ್ಟಿದ, ಬಾಗಿ ಅಡಿಯಲ್ಲಿ ಇಣುಕಿದ, ಬಾಗಿಲು ತೆಗೆದು ಮತ್ತೆ ಹಾಕಿ ಅದರ ಸದ್ದು ಕೇಳಿದ. ಕೊನೆಗೆ ಎರಡು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿಕೊಂಡು ನಿಂತ. ಅವನ ಹೆಂಡತಿ ನನ್ಸಲ್ಮಾ ತಮ್ಮ ಹಳೆಯ ಗಾಡಿಯ ಮರೆಯಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದಳು. ಗಂಡನ ಮನಸ್ಸು ಎತ್ತ ವಾಲಿದೆ ಎಂದು ತಿಳಿಯಲು ಅವಳಿಗೆ ಅವನ ಹೆಗಲು ನೋಡಿದರೆ ಸಾಕಾಗಿತ್ತು.

ಪ್ರಾಂತದ ಪೇಟೆಯ ಹೊರಗೆ, ಬತ್ತಿದ ಹೊಳೆಯ ಪಕ್ಕದ ಬಯಲಿನಲ್ಲಿ ಗಾಡಿಗಳ ಸಂತೆ ಸೇರುತ್ತಿತ್ತು. ಕೊರಿಯಾದಿಂದ ಬಂದ ನೀಲಿ ಪಿಕಪ್ಪುಗಳೇ ಹೆಚ್ಚು. ಹಳೆಯ ಮಾಡೆಲ್ಲಿಗೆ ದುಂಡು ದೀಪಗಳು; ಜನ ಅದನ್ನು ಕಪ್ಪೆಗಣ್ಣು ಎನ್ನುತ್ತಿದ್ದರು. ಹೊಸದರ ದೀಪಗಳು ಓರೆಯಾಗಿ ಸೀಳಿದಂತಿದ್ದವು. ಅದು ನರಿಗಣ್ಣು. ದಗ್ವಾನದು ಕಪ್ಪೆಗಣ್ಣು. ಮದುವೆಯಾದ ಮೇಲೆ ಅವರ ಗುಡಾರ, ಪೆಟ್ಟಿಗೆ, ಒಲೆ, ಕುರಿಮರಿ ಎಲ್ಲವೂ ಋತುವಿಗೊಂದು ಸಲ ಜಾಗ ಬದಲಿಸಿದ್ದು ಅದರ ಬೆನ್ನಿನ ಮೇಲೆಯೇ. ಈಗ ಅದರ ಅಡಿಯ ಕಬ್ಬಿಣ ಎರಡು ಕಡೆ ಬಿರುಕು ಬಿಟ್ಟು, ಬೆಸುಗೆ ಹಾಕಿಸಿಕೊಂಡು, ಬೆಸುಗೆಯ ಪಕ್ಕದಲ್ಲಿ ಮತ್ತೆ ಬಿರುಕು ಬಿಟ್ಟಿತ್ತು.

ಅದಕ್ಕಿಂತ ದೊಡ್ಡ ಚಿಂತೆ ಕೆಂಪು ಘಾಟಿಯದು. ಇವರ ಚಳಿಗಾಲದ ಬೀಡು ಘಾಟಿಯ ಈಚೆಗಿತ್ತು. ಈಚೆ ಹಿಮ ಬಿದ್ದರೆ ಬಿದ್ದಲ್ಲೇ ಕೂರುತ್ತದೆ. ಆಚೆ ಗಾಳಿ ಹಿಮವನ್ನು ಗುಡಿಸಿ ಹುಲ್ಲನ್ನು ಬಿಡಿಸಿಡುತ್ತದೆ. ಹುಲ್ಲಿನ ಮೇಲೆ ಮಂಜುಗಡ್ಡೆ ಮುಚ್ಚಿಕೊಳ್ಳುವ ಜುದ್ ಬಂದ ವರ್ಷ ಕುರಿಗಳನ್ನು ಆಚೆ ದಾಟಿಸಿದವರು ಉಳಿದರು, ದಾಟಿಸದವರು ಹೋದರು. ಗಟ್ಟಿ ಪ್ರಾಣಿ ನಡೆದು ದಾಟುತ್ತದೆ. ಗಬ್ಬದ ಕುರಿ, ಸೊರಗಿದ ಕುರಿ ಗಾಡಿಯಲ್ಲೇ ಹೋಗಬೇಕು. ಹಿಂದಿನ ಚಳಿಗಾಲದಲ್ಲಿ ಕಪ್ಪೆಗಣ್ಣು ಘಾಟಿಯ ಅರ್ಧಕ್ಕೆ ಹತ್ತಿ ಹಿಂದಕ್ಕೆ ಜಾರಿತ್ತು. ಎಳೆಯುವ ಬಲ ಇದ್ದದ್ದು ಅದರ ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಆ ಸಲ ಈಚೆ ಉಳಿದ ಕುರಿಗಳು ದೊಡ್ಡಿಯಲ್ಲಿ ಒಂದಕ್ಕೊಂದು ಒರಗಿಕೊಂಡು, ನಿಂತಂತೆಯೇ ಸತ್ತವು. ಮಿಕ್ಕ ತಾಯಿಕುರಿಗಳೂ ಹೀಗೆಯೇ ಹೋದರೆ ಮತ್ತೊಂದು ಹಿಂಡು ಕಟ್ಟುವ ವಯಸ್ಸು ದಗ್ವಾನಿಗೂ ಇರಲಿಲ್ಲ, ನನ್ಸಲ್ಮಾಳಿಗೂ ಇರಲಿಲ್ಲ. ಹಿಂಡು ಹೋದವರೆಲ್ಲ ಏನು ಮಾಡುತ್ತಾರೆಂದು ಅವಳು ನೋಡಿದ್ದಳು. ನಗರದ ಅಂಚಿನ ಗುಡ್ಡಕ್ಕೆ ಗುಡಾರ ಸಾಗಿಸಿ, ಬೇಲಿಯೊಳಗೆ ಕುಳಿತು, ಯಾರದೋ ಕಟ್ಟಡಕ್ಕೆ ಕಾವಲುಗಾರರಾಗುತ್ತಾರೆ.

ಆದ್ದರಿಂದ ನಾಲ್ಕೂ ಗಾಲಿ ಎಳೆಯುವ ಗಾಡಿ ಬೇಕಿತ್ತು. ನರಿಗಣ್ಣಿನ ನಾಲ್ಕೂ ಗಾಲಿ ಎಳೆಯುತ್ತಿದ್ದವು.

ಮಾರುವವನು ಕಪ್ಪು ಕನ್ನಡಕ ಹಾಕಿದ್ದ ಚುರುಕು ಆಸಾಮಿ. ಅವನು ಸ್ಟೇರಿಂಗಿನ ಪಕ್ಕದ ಗುಂಡಿ ಒತ್ತಿದ. ಎಂಜಿನ್ನು ಕೆಮ್ಮದೆ, ಸೀನದೆ, ಬೆಕ್ಕಿನಂತೆ ಗುರುಗುಟ್ಟತೊಡಗಿತು. ದಗ್ವಾನ ಹೆಗಲು ಸಡಿಲವಾಯಿತು.

ನನ್ಸಲ್ಮಾ ಹತ್ತಿರ ಬಂದು, ಧ್ವನಿ ತಗ್ಗಿಸಿ ಕೇಳಿದಳು. "ಇದರ ಹೊಟ್ಟೆ ಕೆಳಗೆ ಬೆಂಕಿ ಹಿಡಿಬಹುದಾ?"

ಕೇಳಬೇಕಾದ ಪ್ರಶ್ನೆಯೇ ಅದು. ಕೊರೆಯುವ ಚಳಿಯಲ್ಲಿ ಡೀಸೆಲ್ಲು ಕುರಿಕೊಬ್ಬಿನಂತೆ ಹೆಪ್ಪುಗಟ್ಟುತ್ತದೆ. ಅಂಥ ಬೆಳಿಗ್ಗೆಗಳಲ್ಲಿ ದಗ್ವಾ ಹಿತ್ತಾಳೆಯ ಬ್ಲೋ ಲ್ಯಾಂಪು ಹೊತ್ತಿಸಿಕೊಂಡು ಕಪ್ಪೆಗಣ್ಣಿನ ಕೆಳಗೆ ಅಂಗಾತ ತೂರಿಕೊಳ್ಳುತ್ತಿದ್ದ. ಬುಸುಗುಡುವ ನೀಲಿ ಜ್ವಾಲೆಯಿಂದ ಟ್ಯಾಂಕು, ಕೊಳವೆ, ಎಂಜಿನ್ನಿನ ತಳ ಎಲ್ಲವನ್ನೂ ಸವರುತ್ತಿದ್ದ. ಉಪ್ಪು ಹಾಲಿನ ಚಹಾ ಒಂದು ಕುದಿ ಬರುವುದರೊಳಗೆ ಗಾಡಿ ಎದ್ದು ನಿಲ್ಲುತ್ತಿತ್ತು.

"ಅಯ್ಯೋ ಅಕ್ಕಾ, ಅದು ಅಜ್ಜನ ಕಾಲದ್ದು!" ಮಾರುವವನು ನಕ್ಕ. "ಇದರ ಕೆಳಗೆ ಬೆಂಕಿ ಹಿಡಿದ್ರೆ ವೈರೆಲ್ಲ ಕರಗಿ ಗಂಜಿ ಆಗತ್ತೆ. ಬೆಂಕಿ ಯಾಕೆ ಬೇಕು? ಗುಂಡಿ ಒತ್ತಿ, ಹಾಡು ಹಾಕ್ಕೊಳಿ, ಹೊರಡಿ."

"ತುಂಬಾ ಚಳಿ ಬಿದ್ದು, ದಾರಿ ಮಧ್ಯ…"

"ಅತ್ತಿಗೇ!" ಹಿಂದಿನಿಂದ ಗೊಂಬೊ ಕೂಗಿದ. "ನಾಲಗೆ ಜೋಪಾನ! ಗಾಡಿ ಇನ್ನೂ ಮನೆಗೇ ಬಂದಿಲ್ಲ. ಬಿಡ್ತು ಅನ್ನಿ, ಬಿಡ್ತು ಅನ್ನಿ!"

"ಬಿಡ್ತು," ಎಂದಳು ನನ್ಸಲ್ಮಾ.

ಗೊಂಬೊ ಇವರ ನೆರೆಯ ಬೀಡಿನವನು. ಹೆಂಡತಿ ತೀರಿಕೊಂಡ ಮೇಲೆ ಕೆಲವು ಒಂಟೆ, ಒಂದು ನಾಯಿ ಇಟ್ಟುಕೊಂಡು ಒಬ್ಬನೇ ಇದ್ದ. ದಗ್ವಾ ಹೊಸದನ್ನು ಕೊಂಡರೆ ಕಪ್ಪೆಗಣ್ಣನ್ನು ಒಂದು ಹೆಣ್ಣೊಂಟೆಗೆ ಬದಲಾಗಿ ತಾನು ಇಟ್ಟುಕೊಳ್ಳುವುದಾಗಿ ಹೇಳಿ ಜೊತೆಗೆ ಬಂದಿದ್ದ. ನನ್ಸಲ್ಮಾಳ ಕರಿನಾಲಗೆಯ ಕಥೆಯನ್ನು ಕಂಡವರಿಗೆಲ್ಲ ಹೇಳುತ್ತಿದ್ದವನೂ ಅವನೇ. ಅವಳು ಹೊಸದಾಗಿ ಮದುವೆಯಾಗಿ, ಪೇಟೆಯ ಕಾಲೇಜಿನಿಂದ ನೇರ ಬಯಲಿಗೆ ಬಂದಿದ್ದಾಗ, ಗಾಡಿಯಲ್ಲಿ ಕುಳಿತು "ಯಾವಾಗ ತಲುಪ್ತೀವಿ?" ಎಂದು ಕೇಳಿಬಿಟ್ಟಿದ್ದಳು. ದಾರಿಯಲ್ಲಿರುವಾಗ ಹಾಗೆ ಕೇಳಬಾರದೆಂದು ಆ ಸೀಮೆಯ ಹಸುಗೂಸಿಗೂ ಗೊತ್ತು. ಅರ್ಧ ಹರದಾರಿ ಹೋಗುವುದರೊಳಗೆ ಗಾಲಿ ಕಳಚಿಕೊಂಡಿತ್ತು. ಅಂದಿನಿಂದ ಕೆಟ್ಟದ್ದನ್ನು ಮೊದಲೇ ಕಾಣುವ ತನ್ನ ಕಣ್ಣಿಗೂ ಬಾಯಿಗೂ ನಡುವೆ ಅವಳು ಒಂದು ಬಾಗಿಲು ಇಟ್ಟುಕೊಂಡಿದ್ದಳು. ಕಂಡದ್ದನ್ನೆಲ್ಲ ಹೇಳುವಂತಿಲ್ಲ, ಹೇಳಿದ್ದು ನಡೆದರೆ ಹೇಳಿದವಳ ತಲೆಗೇ ಬರುತ್ತದೆ. ಹಾಗೆಂದು ಹೇಳದೆ ಇದ್ದದ್ದು ನಡೆಯದೆ ಇರುವುದೂ ಇಲ್ಲ.

ದಗ್ವಾ ಅವಳ ಬಳಿ ಬಂದು ನಿಂತ. ಎರಡೂ ಗಾಡಿಗಳು ಅವರ ಎದುರಿಗೆ ಅಕ್ಕಪಕ್ಕ ನಿಂತಿದ್ದವು.

"ನೀನು ಹೇಳು. ಇದಕ್ಕೇ ಮತ್ತೊಂದು ಬೆಸುಗೆ ಹಾಕ್ಸಿ ಇಟ್ಕೊಳೋಣ್ವೊ, ಅದನ್ನ ತಗೊಳೋಣ್ವೊ?"

ಅಪರೂಪಕ್ಕೆ ಕೇಳಿದ್ದ. ನಿಜವಾಗಿಯೂ ಕೇಳುತ್ತಿದ್ದ. ಹಳೆಯದು ಯಾವ ಚಳಿಯಲ್ಲೂ ಎದ್ದು ನಿಲ್ಲುತ್ತದೆ, ಆದರೆ ಘಾಟಿ ಹತ್ತುವುದಿಲ್ಲ. ಹೊಸದು ಘಾಟಿ ಹತ್ತುತ್ತದೆ. ಚಳಿಯಲ್ಲಿ ನಿಂತರೆ ಅದನ್ನು ಎಬ್ಬಿಸುವ ದಾರಿ ಮಾತ್ರ ಅವರ ಕೈಯಲ್ಲಿಲ್ಲ. ಒಂದರಲ್ಲಿ ಇರುವುದು ಇನ್ನೊಂದರಲ್ಲಿ ಇಲ್ಲ. ಯಾವುದನ್ನು ಆರಿಸಿದರೂ ಇನ್ನೊಂದನ್ನು ಆರಿಸಬೇಕಿತ್ತು ಎನ್ನಿಸುವ ದಿನವೊಂದು ಬರುತ್ತದೆಂದು ಅವಳಿಗೆ ಆ ಬಿಸಿಲಿನಲ್ಲಿಯೇ ಕಾಣುತ್ತಿತ್ತು. ಅದನ್ನು ಹೇಳುವುದು ಹೇಗೆ? ಶುಭದಿನ ಕೇಳಿಕೊಂಡು ಬಂದಿದ್ದರು.

"ನಿನ್ ಮನಸ್ಸಿಗೆ ಯಾವ್ದು ಸರಿ ಕಾಣತ್ತೋ ಅದು," ಎಂದಳು.

"ಅತ್ತಿಗೆ ಒಪ್ಪಿದ್ರು!" ಎಂದು ಗೊಂಬೊ ಚಪ್ಪಾಳೆ ತಟ್ಟಿದ. "ನಡಿ ಅಣ್ಣ, ನರಿ ಹಿಡ್ಕೊಂಡು ಹೋಗೋಣ. ಕಪ್ಪೆ ನನಗಿರ್ಲಿ."

*

ಕಪ್ಪೆಗಣ್ಣನ್ನು ಗೊಂಬೊನಿಗೆ ಒಪ್ಪಿಸಿದ್ದು ಬೀಡಿನಲ್ಲಿ. ದಗ್ವಾ ಬೆಳಗಿನಿಂದ ಅದರ ಸುತ್ತಲೇ ಸುಳಿದಾಡುತ್ತಿದ್ದ.

ಆ ಸೀಮೆಯಲ್ಲಿ ಪ್ರಾಣಿಯನ್ನು ಬೇರೆಯವರಿಗೆ ಕೊಡುವಾಗ ಬರಿದೇ ಕೊಡುವುದಿಲ್ಲ. ಕುದುರೆಯಾದರೆ ಬಾಲದ ಒಂದು ಎಳೆ ಕಿತ್ತಿಟ್ಟುಕೊಳ್ಳುತ್ತಾರೆ. ಕುರಿಯಾದರೆ ನಿಲುವಂಗಿಯ ತೋಳಿನಿಂದ ಅದರ ಮೂತಿ ಒರೆಸಿ, ಆ ತೋಳನ್ನು ಒಳಮುಖವಾಗಿ ಮಡಚಿಕೊಳ್ಳುತ್ತಾರೆ. ಪ್ರಾಣಿ ಹೋದರೂ ಅದರ ಭಾಗ್ಯ ಮನೆಯಲ್ಲಿ ಉಳಿಯಬೇಕು. ಹಾಗೆ ಉಳಿಸಿಕೊಂಡ ಕೂದಲಿನ ಗಂಟೊಂದು ಅವರ ಬಣ್ಣದ ಪೆಟ್ಟಿಗೆಯಲ್ಲಿ, ದೇವರ ಪಟದ ಕೆಳಗೆ, ದಗ್ವಾನ ಅಜ್ಜನ ಕಾಲದಿಂದ ಇತ್ತು.

"ಇದರ ಬಾಲ ಎಲ್ಲಿ ಹುಡ್ಕೋದು?" ಗೊಂಬೊ ಕೇಳಿದ. "ಕನ್ನಡಿ ತಗೊ ಅಣ್ಣ. ಹೆಂಗೂ ಒಡ್ದಿದೆ."

"ಒಡೆದದ್ರಲ್ಲಿ ಎಂಥಾ ಭಾಗ್ಯ?"

"ಹಂಗಾದ್ರೆ ಹಾರ್ನು ತಗೊ. ಅದು ಸತ್ತು ಮೂರ್ವರ್ಷ ಆಯ್ತು, ಭಾಗ್ಯ ಖರ್ಚಾಗ್ದೆ ಹಂಗೇ ಇರತ್ತೆ."

ದಗ್ವಾ ನಗಲಿಲ್ಲ. ಗಾಡಿಯ ಪಕ್ಕೆಯ ಮೇಲೆ ಕೈ ಸವರುತ್ತ ಹೋಗಿ ಟ್ಯಾಂಕಿನ ಬಳಿ ನಿಂತ. "ಪ್ರಾಣಿಗೆ ಮೂತಿ ಒರೆಸ್ತೀವಿ. ತಿನ್ನೋ ಬಾಯಲ್ಲೇ ಅಲ್ವಾ ಭಾಗ್ಯ ಇರೋದು. ಇದು ತಿನ್ನೋದು ಇಲ್ಲಿಂದ." ಟ್ಯಾಂಕಿನ ಮುಚ್ಚಳವನ್ನು ತಿರುಗಿಸಿ ಕಿತ್ತು, ತೋಳಿನಿಂದ ಒರೆಸಿ, ಹಣೆಗೆ ಮುಟ್ಟಿಸಿಕೊಂಡ.

ಗೊಂಬೊನಿಗೂ ಅದು ತಪ್ಪೆನಿಸಲಿಲ್ಲ. ತಾನು ಹೆಣ್ಣೊಂಟೆ ಕೊಡುವಾಗ ಅವನೂ ಅದರ ಗೂನಿನ ಉಣ್ಣೆ ಕಿತ್ತಿಟ್ಟುಕೊಂಡಿದ್ದ. ಕಂಬಳಿಯ ತುಂಡೊಂದನ್ನು ಸುರುಳಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಟ್ಯಾಂಕಿನ ಬಾಯಿಗೆ ಗುದ್ದಿ ತುರುಕಿದ. "ನೋಡಿ, ಹಲ್ಲಿಲ್ಲದ ಮುದುಕಂಗೆ ಶಾಲು ಹೊದಿಸ್ದಂಗಿದೆ."

"ಗೊಂಬೊ, ಪೇಟೆಯಿಂದ ಬೇರೆ ಮುಚ್ಚಳ ತಂದು ಹಾಕ್ಕೋ," ಎಂದಳು ನನ್ಸಲ್ಮಾ. ಇದು ಅಪಶಕುನದ ಮಾತಲ್ಲ, ಸಾಮಾನಿನ ಮಾತು. ಆದ್ದರಿಂದ ಎರಡು ಸಲ ಹೇಳಿದಳು. "ಮರೀಬೇಡ. ಗಾಳಿಗೆ ಹಿಮ ಎಲ್ಲಿ ಬೇಕಾದ್ರೂ ನುಗ್ಗತ್ತೆ."

"ಆಗ್ಲಿ ಅತ್ತಿಗೆ. ಮುಂದಿನ್ಸಲ ಪೇಟೆಗೆ ಹೋದಾಗ ಮೊದಲ್ನೇ ಕೆಲಸ ಅದೇ."

ಮುಂದಿನ ಸಲ ಪೇಟೆಗೆ ಹೋದಾಗ ಅವನು ಹಿಟ್ಟು, ತಂಬಾಕು, ನಾಯಿಗೊಂದು ಕೊರಳಪಟ್ಟಿ ತಂದ. ಅದಾದ ಮೇಲಿನ ಸಲ ಅಂಗಡಿ ಮುಚ್ಚಿತ್ತು.

*

ಚಳಿಗಾಲದ ಮೊದಲಿಗೇ ಹಿಮದ ಮೇಲೆ ಮಳೆ ಬಂತು. ಆ ಸೀಮೆಯವರಿಗೆ ಇದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇಲ್ಲ. ಮರುದಿನ ಬಯಲೆಲ್ಲ ಗಾಜು ಸುರಿದಂತಿತ್ತು. ಕುರಿಗಳು ಗೊರಸಿನಿಂದ ಕೆರೆದರೂ ಒಡೆಯದ ಗಡ್ಡೆಯ ಕೆಳಗೆ ಹುಲ್ಲು ಹಳದಿಯಾಗಿ ಕಾಣುತ್ತಿತ್ತು. ಕಾಣುವುದು ಮಾತ್ರ. ಸಂಜೆ ದೊಡ್ಡಿಗೆ ಬರುವಾಗ ಅವುಗಳ ಮೂತಿಯಲ್ಲಿ ಗೀರಿದ ರಕ್ತ ಒಣಗಿರುತ್ತಿತ್ತು.

ಘಾಟಿಯ ಆಚೆ ಹಿಮ ಸರಿದು ಹುಲ್ಲು ತೆರೆದಿದೆಯೆಂದು ಸುದ್ದಿ ಬಂತು. ದಗ್ವಾನ ತಂಗಿ ದೊಲ್ಗೋರ್ ಮತ್ತು ಅವಳ ಗಂಡ ಕುದುರೆಗಳನ್ನೂ ನಡೆಯಬಲ್ಲ ಕುರಿ ಮೇಕೆಗಳನ್ನೂ ಹೊಡೆದುಕೊಂಡು ಮುಂದೆ ಹೋದರು. ತಾಯಿಕುರಿಗಳು ಉಳಿದವು. ನರಿಗಣ್ಣಿನಲ್ಲಿ ಅವನ್ನು ಎರಡು ಸಲಕ್ಕೆ ಸಾಗಿಸಿ, ಕೊನೆಗೆ ಗುಡಾರ ಕಿತ್ತುಕೊಂಡು ಹೋಗುವುದೆಂದಾಯಿತು.

ಹೊಸ ಗಾಡಿ ಅಲ್ಲಿಯವರೆಗೆ ಒಂದು ದಿನವೂ ಕೈಕೊಟ್ಟಿರಲಿಲ್ಲ. ಗುಂಡಿ ಒತ್ತಿದರೆ ಎದ್ದೇಳುತ್ತಿತ್ತು. ಒಳಗೆ ಕುಳಿತರೆ ಕಾಲಬೆರಳಿನವರೆಗೂ ಬೆಚ್ಚಗಾಗುತ್ತಿತ್ತು. ನನ್ಸಲ್ಮಾಳಿಗೂ ಅದರ ಮೇಲೆ ನಂಬಿಕೆ ಹುಟ್ಟತೊಡಗಿತ್ತು. ಹುಟ್ಟುತ್ತಿದ್ದ ಆ ನಂಬಿಕೆಗೇ ಅವಳು ಹೆದರುತ್ತಿದ್ದಳು.

ಹೊರಡುವ ಹಿಂದಿನ ದಿನ ದಗ್ವಾ ಎಣ್ಣೆ ತುಂಬಿಸಿಕೊಂಡು ಬಂದ. "ಚಳಿಗಾಲದ ಡೀಸೆಲ್ಲು ಮುಗಿದೋಗಿದೆ ಅಂತೆ. ಲಾರಿ ದಾರೀಲೇ ಸಿಕ್ಕೊಂಡಿದೆ. ಇದ್ದದ್ದು ತುಂಬ್ಸಿದೀನಿ, ಒಂದಿಷ್ಟು ಸೀಮೆಎಣ್ಣೆ ಬೆರೆಸಿದೀನಿ."

"ಬೇಸಿಗೆ ಎಣ್ಣೆನಾ?" ಚಳಿಗೆ ಮೊದಲು ಹೆಪ್ಪುಗಟ್ಟುವುದು ಅದೇ.

"ಹೂಂ."

"ಎರಡು ದಿನ ಕಾದ್ರೆ?"

ದಗ್ವಾ ಬಾಗಿಲ ಕಡೆ ನೋಡಿದ. ಹೊರಗೆ ಕುರಿಯೊಂದು ಕೆಮ್ಮುತ್ತಿತ್ತು. "ಅವು ಕಾಯ್ತಾವಾ?" ಎಂದ.

ಬಿರುಗಾಳಿ ಬರುವ ಸುದ್ದಿಯೂ ರೇಡಿಯೋದಲ್ಲಿ ಬಂದಿತ್ತು. ಬಂದರೆ ಘಾಟಿ ಮುಚ್ಚುತ್ತದೆ. ಹೋದರೂ ಭಯ, ಇದ್ದರೂ ಭಯ. ಅವಳು ಚಹಾ ಸುರಿದು ಕೊಟ್ಟಳು.

ಬೆಳಿಗ್ಗೆ ಇಬ್ಬರೂ ಸೇರಿ ಮೊದಲ ಪಾಲಿನ ಕುರಿಗಳನ್ನು ಹತ್ತಿಸಿದರು. ಒಂದೊಂದನ್ನೂ ತಬ್ಬಿ ಎತ್ತಬೇಕಾಯಿತು. ಉಣ್ಣೆಯ ಅಡಿಯಲ್ಲಿ ಪಕ್ಕೆಯ ಮೂಳೆಗಳು ಬುಟ್ಟಿಯ ಕಡ್ಡಿಗಳಂತೆ ಕೈಗೆ ಸಿಗುತ್ತಿದ್ದವು. ಸುತ್ತ ಕಂಬಳಿ ಕಟ್ಟಿದ ಮೇಲೆ ದಗ್ವಾ ಕೂದಲಿನ ಗಂಟನ್ನೂ ಟ್ಯಾಂಕಿನ ಮುಚ್ಚಳವನ್ನೂ ಪೆಟ್ಟಿಗೆಯಿಂದ ತೆಗೆದು ಅವಳ ಕೈಗಿತ್ತ. "ಸಾಮಾನಿನ ಮಧ್ಯ ಹಾಕ್ಬಾರ್ದು ಇದನ್ನ. ನಿನ್ ಮೈಮೇಲಿರ್ಲಿ." ಅವಳು ಅವನ್ನು ನಿಲುವಂಗಿಯ ಎದೆಯ ಮಡಿಕೆಯೊಳಗೆ ಇಳಿಬಿಟ್ಟುಕೊಂಡಳು.

ಸೀಟಿನ ಹಿಂದೆ ಅವಳು ಬ್ಲೋ ಲ್ಯಾಂಪನ್ನು ಇಟ್ಟಿದ್ದಳು. ದಗ್ವಾ ಅದನ್ನು ಕಂಡು ಹೊರಗೆ ತೆಗೆದ.

"ಹೊರಡೋ ಹೊತ್ತಲ್ಲಿ ಇದನ್ನ ಕಟ್ಕೊಂಡು ಹೋಗ್ಲಾ? ಕೆಟ್ಟು ನಿಲ್ಲು ಅಂತ ನಾನೇ ಹೇಳ್ದಂಗೆ. ಹಿಡಿಯೋಕೂ ಆಗಲ್ಲ ಅದರ ಕೆಳಗೆ."

"ಕೈ ಕಾಯಿಸ್ಕೊಳೋಕಾದ್ರೂ…"

"ಒಳಗೆ ಬೆಚ್ಚಗಿರತ್ತೆ ಕಣೆ," ಎಂದು ನಕ್ಕ. ಅವನು ಹಾಗೆ ನಕ್ಕು ಎಷ್ಟು ದಿನವಾಗಿತ್ತೋ. ಅವಳೂ ನಕ್ಕಳು.

ಗಾಡಿ ಹೊರಟಾಗ ಅವಳು ಮರದ ಸೌಟಿನಿಂದ ಅದರ ಹಿಂದೆ ಹಾಲು ಎರಚಿದಳು. ಹನಿಗಳು ಗಾಲಿಗೆ ತಾಗುವ ಮೊದಲೇ ಗಟ್ಟಿಯಾಗಿ, ಮಣಿ ಉದುರಿದಂತೆ ಸದ್ದಾಯಿತು. ಯಾವಾಗ ವಾಪಸು ಬರುತ್ತೀ ಎಂಬ ಮಾತು ಗಂಟಲಿನವರೆಗೆ ಬಂದು, ಅಲ್ಲಿಯ ಬಾಗಿಲಿಗೆ ಬಡಿದು ನಿಂತಿತು.

*

ಬೀಡಿನ ಹಿಂದೆ ಒಂದು ಗುಡ್ಡ. ಬೀಡಿನಲ್ಲಿ ಫೋನಿಗೆ ಸಿಗ್ನಲ್ಲು ಸಿಗುವುದು ಅದರ ನೆತ್ತಿಯಲ್ಲಿ ಮಾತ್ರ; ಪಡುವಣದ ಬಯಲಿನಲ್ಲಿ ಸಿಗುತ್ತದೆ, ಘಾಟಿಯ ಬುಡದಲ್ಲಿ ಸಿಗುವುದೇ ಇಲ್ಲ. ಅಲ್ಲಿಂದ ಘಾಟಿಯ ಬುಡದವರೆಗೂ ಬಯಲು ಅಂಗೈಯಂತೆ ಕಾಣುತ್ತದೆ. ಉಳಿದ ಕುರಿಗಳಿಗೆ ಹಿಟ್ಟು ನೀರು ಕುಡಿಸಿ ನನ್ಸಲ್ಮಾ ದುರ್ಬೀನು ಕೊರಳಿಗೆ ಹಾಕಿಕೊಂಡು ಹತ್ತಿದಳು.

ನೀಲಿ ಗಾಡಿ ಘಾಟಿಯ ಬುಡದಲ್ಲಿತ್ತು. ಚಲಿಸುತ್ತಿರಲಿಲ್ಲ.

ಕುರಿಗಳನ್ನು ಸರಿಪಡಿಸಲು ನಿಲ್ಲಿಸಿರಬೇಕು ಎಂದುಕೊಂಡಳು. ಹತ್ತುವ ಮುನ್ನ ಗುಡ್ಡದ ದೇವರಿಗೆ ಕಲ್ಲಿಡಲು ಇಳಿದಿರಬೇಕು ಎಂದುಕೊಂಡಳು. ಕಡ್ಡಿಯಷ್ಟು ಚಿಕ್ಕ ದಗ್ವಾ ಗಾಡಿಯ ಕೆಳಗೆ ಹೋದ, ಹೊರಗೆ ಬಂದ, ಮತ್ತೆ ಹೋದ. ಆಗಲೂ ಅವಳು ಏನೇನೋ ಕಾರಣ ಹುಡುಕಿಕೊಂಡಳು. ಆಮೇಲೆ ಅವನು ಹಿಂದಿನ ಹಲಗೆ ಬಿಚ್ಚಿ ಕುರಿಗಳನ್ನು ಒಂದೊಂದಾಗಿ ಹಿಮದ ಮೇಲೆ ಇಳಿಸತೊಡಗಿದ. ಅಲ್ಲಿಗೆ ಕಾರಣಗಳು ಮುಗಿದವು. ಗಾಡಿ ಏಳುವ ಆಸೆಯಿದ್ದರೆ ಯಾರೂ ಕುರಿಗಳನ್ನು ಇಳಿಸುವುದಿಲ್ಲ. ನಿಂತ ಗಾಡಿಯ ಕಬ್ಬಿಣದ ಮೇಲೆ ಅವು ಬೇಗ ಮರಗಟ್ಟುತ್ತವೆಂದು ಇಳಿಸುತ್ತಾರೆ.

ಬೇಸಿಗೆಯಾದರೆ ಕುದುರೆ ಒಂದೇ ಓಟಕ್ಕೆ ಮುಟ್ಟುವಷ್ಟು ದೂರ. ಈಗ ಕುದುರೆಗಳೆಲ್ಲ ಘಾಟಿಯ ಆಚೆಗಿದ್ದವು. ಉಳಿದ ಒಂದು ಮುದಿ ಕುದುರೆ ಗಾಜಿನಂಥ ಆ ನೆಲದ ಮೇಲೆ ಹೆಜ್ಜೆ ಇಡಲು ಹೆದರುತ್ತಿತ್ತು. ಕೆಳಗೆ ದೊಡ್ಡಿಯಲ್ಲಿ ಉಳಿದರ್ಧ ಹಿಂಡು. ಬಡಗಣ ದಿಕ್ಕಿನಲ್ಲಿ ಆಕಾಶದ ಅಂಚು ಸುಣ್ಣ ಬಳಿದಂತೆ ಬಿಳಿಚಿಕೊಳ್ಳುತ್ತಿತ್ತು.

ಅವಳು ಗೊಂಬೊನಿಗೆ ಫೋನು ಮಾಡಿದಳು.

"ಏನತ್ತಿಗೆ, ನರಿ ಹೊರಟಿತಾ?"

"ನಿಂತುಬಿಟ್ಟಿದೆ ಗೊಂಬೊ. ಘಾಟಿ ಬುಡದಲ್ಲಿ. ಕುರಿ ಇಳಿಸ್ತಿದಾನೆ."

"ಗಾಬರಿ ಆಗ್ಬೇಡಿ. ಮುದುಕನ್ನ ಎಬ್ಬಿಸ್ತೀನಿ. ಹೊಟ್ಟೆಗೆ ಬೆಂಕಿ ತೋರಿಸಿದ್ರೆ ಎದ್ದು ಕುಣೀತಾನೆ. ಕುರಿ ಹೇರ್ಕೊಂಡು ನಿಮ್ ದೊಡ್ಡಿಗೇ ವಾಪಸ್ ತರ್ತೀನಿ. ಘಾಟಿ ನಾಳೆ ನೋಡ್ಕೊಳೋಣ."

ಅವನು ಎಬ್ಬಿಸಿದ. ಪಡುವಣದ ಅವನ ಬೀಡಿನಿಂದ ಕಪ್ಪೆಗಣ್ಣು ಹೊರಟು ಬಯಲಿಗೆ ಇಳಿದದ್ದನ್ನು ಅವಳು ದುರ್ಬೀನಿನಲ್ಲಿ ಕಂಡಳು. ಆ ಹಳೆಯ ನೀಲಿ, ಒಂದು ಕಡೆ ವಾಲಿದ ನಡಿಗೆ, ಹಿಂದೆ ಕಪ್ಪು ಹೊಗೆ. ಎಷ್ಟೋ ದೂರದಲ್ಲಿದ್ದರೂ ತವರಿನವರು ಬಂದಂತೆ ಅವಳಿಗೆ ಕಣ್ಣು ತುಂಬಿತು. ಒಣಗುವುದರೊಳಗೆ ನೀರು ರೆಪ್ಪೆಯ ಮೇಲೆಯೇ ಹೆಪ್ಪುಗಟ್ಟಿತು. ಅದನ್ನು ಬೆರಳಿನಿಂದ ಕಿತ್ತುಕೊಂಡು ಮತ್ತೆ ನೋಡಿದಾಗ ಕಪ್ಪೆಗಣ್ಣು ಬಯಲಿನ ನಡುವೆ ನಿಂತಿತ್ತು.

ಮುಂದೆ ಜಗ್ಗಿತು. ನಿಂತಿತು. ಇನ್ನೊಮ್ಮೆ ಜಗ್ಗಿತು. ಆಮೇಲೆ ಜಗ್ಗಲಿಲ್ಲ.

ಫೋನು ಬಂತು. ಗಾಳಿಯ ಸದ್ದಿನ ನಡುವೆ ಗೊಂಬೊ ಕೂಗುತ್ತಿದ್ದ. "ಅತ್ತಿಗೆ, ಟ್ಯಾಂಕಿಗೆ ಹಿಮ ನುಗ್ಗಿದೆ. ಮೊನ್ನೆ ಗಾಳಿಗೆ ಆ ಕಂಬಳಿ ಬಿರಡೆ ಎಲ್ಲೋ ಹಾರೋಗಿತ್ತು. ನಾನು ನೋಡಿದ್ದೇ ಇವತ್ತು. ಬೇರೆ ಚಿಂದಿ ತುರುಕ್ದೆ. ಎದ್ದ ಅಂತ ಹೊರಟ್ಬಿಟ್ಟೆ."

"ಬೆಂಕಿ ಹಿಡಿದ್ರೆ?"

"ಹಿಡೀತಾನೇ ಇದೀನಿ. ಎಣ್ಣೆ ಆದ್ರೆ ಕರಗಿ ಓಡತ್ತೆ, ನೀರು ಕರಗಿ ಇನ್ನೊಂದ್ ಕಡೆ ಗಡ್ಡೆ ಆಗತ್ತೆ. ಕೊಳವೆ ಪೂರ್ತಿ ನೀರು." ಅವನು ಕೆಮ್ಮಿದ. ಅಥವಾ ನಕ್ಕ. "ಮುಚ್ಚಳ ಹುಷಾರಾಗಿದೆಯಾ ಅತ್ತಿಗೆ?"

ಅವಳ ಕೈ ತಾನಾಗಿ ಎದೆಯ ಮಡಿಕೆಗೆ ಹೋಯಿತು. ಮೈಯ ಬಿಸಿಗೆ ಮುಚ್ಚಳ ಬೆಚ್ಚಗಾಗಿತ್ತು.

"ಇದೆ."

"ಜೋಪಾನ. ಭಾಗ್ಯ ಬೆಚ್ಚಗಿರ್ಲಿ. ನಾನು ಅಣ್ಣನ್ ಹತ್ರ ನಡ್ಕೊಂಡು ಹೋಗ್ತೀನಿ, ನಿಮ್ಗಿಂತ ಅವನೇ ಹತ್ರ ನನ್ಗೆ."

"ಗೊಂಬೊ, ನಡೀಬೇಡ. ಗಾಳಿ ಬರ್ತಿದೆ, ಬಡಗಣದಿಂದ…" ಎಂದು ಅವಳು ಬಾಯಿ ಬಿಟ್ಟು ಹೇಳಿದಳು. ಕಂಡದ್ದನ್ನೆಲ್ಲ ಹೇಳಿದಳು. ಬಿಳಿಚಿದ ಅಂಚು ಹೇಗೆ ಹತ್ತಿರವಾಗುತ್ತಿದೆ, ಅವನಿಗೂ ದಗ್ವಾನಿಗೂ ನಡುವೆ ಹಿಮದ ಪುಡಿ ಹೇಗೆ ಏಳುತ್ತಿದೆ, ಎಲ್ಲವನ್ನೂ ಹೇಳಿದಳು. ಆದರೆ ಫೋನು ಆಗಲೇ ಕಡಿದುಹೋಗಿತ್ತು.

ಬಿಳಿಯ ಬಯಲಿನಲ್ಲಿ ಎರಡು ನೀಲಿ ಚುಕ್ಕೆಗಳು. ಎರಡರ ನಡುವೆ ಹೋಗುತ್ತಿದ್ದ ಒಂದು ಕಪ್ಪು ಚುಕ್ಕೆ ಬಹಳ ಹೊತ್ತಿನ ಮೇಲೆ ದಗ್ವಾನ ಗಾಡಿಯನ್ನು ಮುಟ್ಟಿತು. ಅಲ್ಲಿಂದ ದಪ್ಪನೆಯ ಕರಿಹೊಗೆ ಎದ್ದಿತು. ನರಿಗಣ್ಣಿನ ಹೆಚ್ಚುವರಿ ಗಾಲಿಯನ್ನು ಸುಡುತ್ತಿದ್ದಾರೆ. ಇಬ್ಬರೂ ಬದುಕಿಕೊಳ್ಳುತ್ತಾರೆ. ಅಷ್ಟನ್ನು ಅವಳು ತನಗೆ ತಾನೇ ಹೇಳಿಕೊಂಡಳು.

ಕುರಿಗಳು ಹೊಗೆಯ ಬಳಿ ನಿಲ್ಲಲಿಲ್ಲ. ಗಾಳಿ ಹೊಡೆದರೆ ಕುರಿ ಅದಕ್ಕೆ ಬೆನ್ನು ತಿರುಗಿಸುತ್ತದೆ. ಬೆನ್ನು ತಿರುಗಿಸಿ ಗಾಳಿ ತಳ್ಳಿದತ್ತ ಹೆಜ್ಜೆ ಹಾಕುತ್ತದೆ. ಒಂದು ಹೊರಟರೆ ಎಲ್ಲವೂ ಹೊರಡುತ್ತವೆ. ಬೂದಿ ಬಣ್ಣದ ಒಂದು ಮುದ್ದೆ ಗಾಡಿಯಿಂದ ಕಳಚಿಕೊಂಡು ತೆಂಕಣಕ್ಕೆ, ಬೀಡೂ ಇಲ್ಲದ ಹುಲ್ಲೂ ಇಲ್ಲದ ಬಯಲಿನ ಕಡೆಗೆ, ಮೆಲ್ಲಗೆ ಸರಿಯತೊಡಗಿತು. ಎರಡು ಕಡ್ಡಿಗಳು ಅದರ ಮುಂದಕ್ಕೆ ಓಡಿದವು, ಕೈ ಬೀಸಿದವು, ಎಡವಿ ಬಿದ್ದವು, ಎದ್ದವು. ಮುದ್ದೆ ಅವರನ್ನು ಬಳಸಿಕೊಂಡು ಎರಡಾಗಿ, ಆಚೆ ಮತ್ತೆ ಒಂದಾಯಿತು. ಎಡಕ್ಕೆ ತಿರುಗಿಸು, ಎಡಕ್ಕೆ, ಎಂದು ನನ್ಸಲ್ಮಾ ಗುಡ್ಡದ ಮೇಲೆ ನಿಂತು ಕೂಗಿದಳು. ಅವಳ ಕೂಗು ಅವಳ ಬಾಯಿಯ ಮುಂದೆಯೇ ಆವಿಯಾಗಿ, ಪಕ್ಕಕ್ಕೆ ಹಾರಿಹೋಯಿತು.

ಆಮೇಲೆ ಗಾಳಿ ಪೂರ್ತಿ ಎದ್ದಿತು. ಮೊದಲು ಕುರಿಗಳು ಅಳಿಸಿಹೋದವು, ಆಮೇಲೆ ಕಪ್ಪೆಗಣ್ಣು, ಆಮೇಲೆ ನರಿಗಣ್ಣು. ಹೊಗೆ ಮಾತ್ರ ನೆಲಕ್ಕೆ ಮಲಗಿ ಒಂದಷ್ಟು ಹೊತ್ತು ಕಾಣುತ್ತಿತ್ತು. ದುರ್ಬೀನಿನಲ್ಲಿ ಬಿಳುಪಲ್ಲದೆ ಬೇರೇನೂ ಉಳಿಯದ ಮೇಲೂ ಅವಳು ಅದನ್ನು ಕಣ್ಣಿನಿಂದ ತೆಗೆಯಲಿಲ್ಲ. ತೆಗೆದರೆ ತಾನೇ ಅವರನ್ನು ಕೈಬಿಟ್ಟಂತೆ ಎನಿಸುತ್ತಿತ್ತು.

ಆದರೆ ದೊಡ್ಡಿಯ ಬಾಯಿಗೆ ಅಡ್ಡ ಕಟ್ಟಬೇಕಿತ್ತು. ಕಟ್ಟದಿದ್ದರೆ ಒಳಗಿನವೂ ಗಾಳಿಯ ಹಿಂದೆ ಹೋಗುತ್ತವೆ. ಅವಳು ಇಳಿದಳು. ಹಲಗೆ ಜೋಡಿಸಿ, ಕಂಬಳಿ ಬಿಗಿದು, ಹಗ್ಗ ಸುತ್ತಿದಳು. ಬೆರಳುಗಳಿಗೆ ತಮ್ಮ ಕೆಲಸ ಗೊತ್ತಿತ್ತು.

ಅವಳು ಒಳಗೆ ಬಂದದ್ದನ್ನು ಕಂಡು ಕಿವಿ ಸೀಳಿದ ಕುರಿಯೊಂದು ಹತ್ತಿರ ಬಂತು. ಎದೆಯ ಮಡಿಕೆಯಲ್ಲಿ ಅವಳು ಯಾವಾಗಲೂ ಒಣಗಿದ ಮೊಸರಿನ ಚೂರು ಇಟ್ಟುಕೊಂಡಿರುತ್ತಾಳೆಂದು ಅದಕ್ಕೆ ಮರಿಯಾಗಿದ್ದಾಗಿನಿಂದ ಗೊತ್ತು. ಮೂತಿಯನ್ನು ಮಡಿಕೆಯೊಳಗೆ ತೂರಿಸಿ, ಮುಚ್ಚಳದ ಡೀಸೆಲ್ಲಿನ ವಾಸನೆಗೆ ಸೀನಿ, ಹಿಂದಕ್ಕೆ ಎಳೆದುಕೊಂಡು ಅವಳ ಮುಖ ನೋಡುತ್ತ ನಿಂತಿತು. ಅದರ ತುಟಿಯ ಮೇಲೆ ಗಡ್ಡೆ ಗೀರಿದ ಗಾಯದಿಂದ ಹೊಸ ರಕ್ತ ಜಿನುಗಿತ್ತು.

ನನ್ಸಲ್ಮಾ ಒರೆಸಲೆಂದು ತೋಳು ಎತ್ತಿದಳು. ಎತ್ತಿದ ತೋಳು ಅರ್ಧಕ್ಕೇ ನಿಂತಿತು. ತೋಳಿನಿಂದ ಮೂತಿ ಒರೆಸುವುದು ಹೊರಟುಹೋಗುವ ಪ್ರಾಣಿಗೆ. ಹೊರಗೆ ಗಾಳಿ ಹಲಗೆಯನ್ನು ಗುದ್ದುತ್ತಿತ್ತು. ಕುರಿ ಮೂತಿ ಚಾಚಿಕೊಂಡೇ ಇತ್ತು. ಅವಳು ತೋಳನ್ನು ಮುಂದೆ ತರಲಾರದೆ, ಕೆಳಗೆ ಇಳಿಸಲೂ ಆರದೆ ನಿಂತಳು.